ದುರ್ಬೀನಿನ ಕೆಳಗಿನ ಹೆಪ್ಪು

ಇಳಕಲ್ಲಿನ ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಯಾರ ಮನೆಯಲ್ಲಿ ಮೊಸರು ಉಂಡರೂ ಅದು ಒಂದು ರೀತಿಯಲ್ಲಿ ನಮ್ಮ ಮನೆಯ ಮೊಸರೇ ಆಗಿತ್ತು. ಜಂಬ ಕೊಚ್ಚಿಕೊಳ್ಳುವುದಕ್ಕೆ ಹೇಳುತ್ತಿಲ್ಲ. ಜಂಬಪಡುವಂಥದ್ದು ಇದರಲ್ಲಿ ಏನೂ ಉಳಿಯಲಿಲ್ಲ. ಹಾಲು ಅವರವರದು, ಹೆಪ್ಪು ನಮ್ಮದು. ಬೇಸಿಗೆಯಲ್ಲಿ ಹೆಪ್ಪು ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ, ಮಳೆಗಾಲದಲ್ಲಿ ಲೋಳೆ ಬಂದು ಎಳೆ ಎಳೆಯಾಗುತ್ತದೆ, ಥಂಡಿಯಲ್ಲಿ ಬೆಳಗಾದರೂ ಹಾಲು ಹಾಲಾಗಿಯೇ ಉಳಿದಿರುತ್ತದೆ. ಆಗ ಓಣಿಯ ಹೆಂಗಸರು ವಾಟಿ, ಅಂದರೆ ಸಣ್ಣ ಬಟ್ಟಲು, ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಇಸಿದುಕೊಳ್ಳಲೂ ಬಾರದು. ಆದ್ದರಿಂದ ಹೊತ್ತು ಮುಳುಗುವ ಮೊದಲು ಅಲ್ಲೊಂದು ಸಣ್ಣ ಸಂತೆಯೇ ಸೇರುತ್ತಿತ್ತು.

ಹೆಪ್ಪು ಕೊಡುತ್ತಿದ್ದವರು ನನ್ನ ಗಂಡನ ಸೋದರತ್ತೆ. ಗಂಡ ಅವರನ್ನು ಅತ್ಯಾ ಎಂದು ಕರೆಯುತ್ತಿದ್ದರು, ಹಾಗಾಗಿ ನನಗೂ ಇಡೀ ಓಣಿಗೂ ಅವರು ಅತ್ಯಾ. ತಾಯಿಯಿಲ್ಲದ ನನ್ನ ಗಂಡನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅವರೇ. ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ಮಡಿ ಹೆಂಗಸು. ಓಣಿಯಲ್ಲಿ ಮದುವೆಯ ದಿಬ್ಬಣ ಹೊರಟರೆ ಯಾರೂ ಹೇಳದಿದ್ದರೂ ತಾವೇ ಒಳಗೆ ಹೋಗಿ ಕದ ಮುಂದೆ ಮಾಡಿಕೊಳ್ಳುತ್ತಿದ್ದರು. ಎದುರಿಗೆ ಬಂದರೆ ಅಪಶಕುನವಂತೆ! ಆದರೆ ಅದೇ ಮದುವೆಯ ಪಂಕ್ತಿಯಲ್ಲಿ ಬಡಿಸುವ ಮೊಸರಿಗೆ ಹೆಪ್ಪು ಮಾತ್ರ ಇವರ ಕೈಯದೇ ಆಗಬೇಕು. ನಾನು ಬಾದಾಮಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ಸಿಟ್ಟಿನಿಂದ ಉರಿದಿದ್ದೆ. ಅತ್ಯಾಗೆ ಅದರ ಗೊಡವೆಯೇ ಇರಲಿಲ್ಲ. ಕಲ್ಲಿನ ಬೋಗುಣಿಯಿಂದ ಚಮಚೆಯಲ್ಲಿ ಹೆಪ್ಪು ತೆಗೆದು ಎತ್ತರದಿಂದ ವಾಟಿಗೆ ಬಿಡುವಾಗ ಅವರ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ತಮ್ಮ ಊಟಕ್ಕೆ ಇಲ್ಲದಿದ್ದರೂ ಹೆಪ್ಪಿಗೆ ಇರುತ್ತಿತ್ತು.

ಅವರ ಊಟವೆಂದರೂ ಏನು, ಮಧ್ಯಾಹ್ನ ಒಂದೇ ಹೊತ್ತು. ಹಲ್ಲು ಹೋಗಿದ್ದವು, ರೊಟ್ಟಿ ಅಗಿಯಲು ಬರುತ್ತಿರಲಿಲ್ಲ. ಮೊಸರನ್ನ ಕಿವುಚಿ ಉಣ್ಣುತ್ತಿದ್ದರು. ಸಂಜೆಗೆ ಒಂದು ಹಿಡಿ ಅವಲಕ್ಕಿ, ಅದೂ ಮೊಸರಿನಲ್ಲಿ ನೆನೆಸಿದ್ದು. ಮೊಸರು ಬಿಟ್ಟರೆ ಆ ಜೀವಕ್ಕೆ ಬೇರೆ ಆಧಾರವಿರಲಿಲ್ಲ.

ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಬಾಗಲಕೋಟೆಯ ಕಾಲೇಜಿನಲ್ಲಿ ಓದಿ ಬಂದವರು, ಜಾಣರು. ಅವರ ಮೇಲೆ ನನ್ನ ದೊಡ್ಡ ದೂರೇ ಅದು. ಜಾಣರಾದವರು ಊರಲ್ಲಿ ಬೇಕಾದಷ್ಟಿದ್ದಾರೆ. ಆದರೆ ಇವರಿಗೆ ತಮ್ಮ ಮಾತು ಖರೆ ಎಂದು ಎದುರಿನವರು ಒಪ್ಪುವವರೆಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಾರಿನಲ್ಲಿ ಉಪ್ಪು ಹೆಚ್ಚಾಗಿದ್ದರೂ ಅದಕ್ಕೊಂದು ಪಾಠ. ಸುಳ್ಳು ಮಾತ್ರ ಹೇಳುತ್ತಿರಲಿಲ್ಲ. ನೆಂಟರ ಮುಖದ ಮೇಲೆ ಹೊಡೆದ ಹಾಗೆ ನಿಜ ಹೇಳಿ, ಆಮೇಲೆ ಮಾತಿಗೆ ತೇಪೆ ಹಚ್ಚುವ ಕೆಲಸ ನನಗೆ ಬಿಡುತ್ತಿದ್ದರು.

ಆಗಿನ್ನೂ ನಾವು ಮುಂಬೈ ರಾಜ್ಯದಲ್ಲಿದ್ದೆವು. ಒಂದು ವರ್ಷ ಸಾಲೆಗೆ ಸೂಕ್ಷ್ಮದರ್ಶಕ ಬಂತು. ಹಿತ್ತಾಳೆಯ ಕೊಳವೆ, ಕೆಳಗೆ ಸಣ್ಣ ಕನ್ನಡಿ. ಊರ ಜನ ಅದನ್ನೂ ದುರ್ಬೀನು ಎಂದೇ ಕರೆದರು. ನಮ್ಮವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾವಿಯ ನೀರು, ಗೋಡೆಯ ಪಾಚಿ, ಹಳಸಿದ ರೊಟ್ಟಿಯ ಬೂಜು, ನನ್ನ ತಲೆಗೂದಲು, ಎಲ್ಲ ಅದರ ಕೆಳಗೆ ಹೋಗಿಬಂದವು. ನನ್ನದೊಂದು ಹಳೆಯ ಬಿಳಿ ಸೀರೆಯ ತುಂಡಿನ ಮೇಲೆ ಬಣ್ಣದಲ್ಲಿ ಎರಡು ದೊಡ್ಡ ಮರ ಬರೆದರು. ಒಂದು ಮರ ಪ್ರಾಣಿಗಳದು, ಇನ್ನೊಂದು ಸಸ್ಯಗಳದು. ಕೊಂಬೆಗೊಂದು ಜಾತಿ, ರೆಂಬೆಗೊಂದು ಪಂಗಡ. ಜಗತ್ತಿನಲ್ಲಿ ಉಸಿರಾಡುವುದೆಲ್ಲ ಈ ಎರಡರಲ್ಲಿ ಒಂದು ಕಡೆ ಬರಲೇಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದರು.

ಆಮೇಲೆ ಅವರ ತಲೆಯಲ್ಲಿ ಹೊಸ ಹುಳು ಹೊಕ್ಕಿತು. ಒಂದು ರವಿವಾರ ಊರ ಜನರಿಗೆಲ್ಲ ದುರ್ಬೀನು ತೋರಿಸಬೇಕು, ಹೆಂಗಸರೂ ಬರಬೇಕು, ಕಣ್ಣಿಗೆ ಕಾಣದ ಜೀವಗಳು ಇವೆ ಎನ್ನುವುದು ಜನರಿಗೆ ತಿಳಿಯಬೇಕು. ತಪ್ಪಲ್ಲ, ಒಳ್ಳೆಯದೇ. ಹಿಂದಿನ ದಿನ ಅವರು ದುರ್ಬೀನನ್ನು ಮನೆಗೆ ತಂದು ಹಿತ್ತಾಳೆ ಉಜ್ಜುತ್ತಿದ್ದಾಗ ಅತ್ಯಾ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು. ಗುಡಿ ಬಿಟ್ಟರೆ ಎಲ್ಲಿಗೂ ಹೋಗದವರು, ದುರ್ಬೀನನ್ನೇ ನೋಡುತ್ತ ಕೇಳಿದರು.

"ಮೈಲಿದು ಕಾಣಸ್ತದೇನೋ ಅದರಾಗ?"

ಮೈಲಿ ಎಂದರೆ ನಮ್ಮ ಕಡೆ ಸಿಡುಬು. ಅತ್ಯಾನ ಒಬ್ಬನೇ ಮಗ ಕೂಸಾಗಿದ್ದಾಗಲೇ ಮೈಲಿಯಲ್ಲಿ ಹೋಗಿದ್ದ. ಹುನಗುಂದದಲ್ಲಿ, ಅವರ ಗಂಡನ ಮನೆಯಲ್ಲಿ, ನನ್ನ ಗಂಡ ಹುಟ್ಟುವುದಕ್ಕೂ ಮೊದಲಿನ ಮಾತು. ಅದನ್ನು ಅವರು ಯಾವತ್ತೂ ಎತ್ತುತ್ತಿರಲಿಲ್ಲ. ನಮ್ಮ ಮಗನಿಗೆ ಮೈಲಿಯ ಲಸಿಕೆ ಹಾಕಲು ದವಾಖಾನೆಯವರು ಬಂದಾಗ ಮಾತ್ರ ನನ್ನ ಕೈಯಿಂದ ಅವನನ್ನು ಇಸಿದುಕೊಂಡು ಓಣಿಯ ತುದಿಯವರೆಗೆ ತಾವೇ ಎತ್ತಿಕೊಂಡು ಹೋಗಿದ್ದರು.

ನಮ್ಮವರು ತಲೆ ಎತ್ತಲಿಲ್ಲ. "ಎಲ್ಲಾ ಕಾಣಸ್ತದ ಅತ್ಯಾ, ಬಾ ನೀ" ಅಂದರು. ಅತ್ಯಾ ಬರುತ್ತೇನೆ ಅಂದಾಗ ನನಗೇ ಆಶ್ಚರ್ಯವಾಯಿತು. ವಾಪಸು ಬಂದ ಮೇಲೆ ಹೇಗೂ ಸ್ನಾನ ಮಾಡಿದರಾಯಿತು ಎಂದುಕೊಂಡೆ.

ರವಿವಾರ ಸಾಲೆಯ ದೊಡ್ಡ ಕೋಣೆ ತುಂಬಿತು. ಮಗ್ಗದ ಓಣಿಯವರು ಬಂದರು, ನೂಲಿಗೆ ಬಣ್ಣ ಹಾಕುವ ಬಣ್ಣದವರು ಬಂದರು, ನಮ್ಮ ಓಣಿಯ ಹೆಂಗಸರೆಲ್ಲ ಸೆರಗು ಹೊದ್ದು ಒಂದು ಬದಿಗೆ ಕೂತರು. ಮೊದಲು ಏನು ತೋರಿಸುವುದು? ಎಲ್ಲರಿಗೂ ಗೊತ್ತಿರುವ ಪದಾರ್ಥವಾಗಬೇಕು ಎಂದು ನಮ್ಮವರು ಬೆಳಿಗ್ಗೆಯೇ ನನ್ನಿಂದ ಒಂದು ವಾಟಿ ಹೆಪ್ಪು ಕೇಳಿ ತಂದಿದ್ದರು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು, ಹೆಪ್ಪಿನ ಒಂದು ಚೂರು, ಬಣ್ಣದವರ ಮನೆಯಿಂದ ತಂದ ನೀಲಿ ಅದ್ದಿದ ಕಡ್ಡಿಯ ತುದಿ. ಎಲ್ಲರಿಗಿಂತ ಮೊದಲು ಅತ್ಯಾನನ್ನು ಕರೆದರು. ಅದು ಮರ್ಯಾದೆಗೆ ಕರೆದದ್ದೇ, ಅದರಲ್ಲಿ ನನಗೆ ಸಂಶಯವಿಲ್ಲ.

ಅತ್ಯಾ ಸೊಂಟ ಬಾಗಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. ಭಾಳ ಹೊತ್ತು ನೋಡಿದರು. ನಮ್ಮವರು ಜನರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಶುರುಮಾಡಿದರು. ಅಲ್ಲಿ ಸಾವಿರಗಟ್ಟಲೆ ಇವೆ, ಎಲ್ಲವಕ್ಕೂ ಜೀವವಿದೆ, ಹೆಸರು ಬ್ಯಾಕ್ಟೀರಿಯಾ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ, ನೋಡಿ, ಹೇಗೆ ಅಲ್ಲಾಡುತ್ತಿವೆ! ನೀರಿನಲ್ಲಿ ಮಸಿಯ ಕಣವೂ ಹಾಗೇ ಅಲ್ಲಾಡುತ್ತದೆ, ಅಲ್ಲಾಡಿದ್ದೆಲ್ಲ ಜೀವದ ಆಟವಲ್ಲ ಎಂದು ಅವರೇ ಮುಂದೆ ಒಂದು ದಿನ ನನಗೆ ಹೇಳಿದರು. ಅವತ್ತು ಹೇಳಲಿಲ್ಲ. ಹೇಳಿದ್ದರೆ ಭಾಷಣದ ರುಚಿ ಕೆಡುತ್ತಿತ್ತಲ್ಲ. ಕೊನೆಗೆ, "ಇದು ಎಲ್ಲಿಂದ ಬಂದದ್ದು ಗೊತ್ತದ ಏನು? ನಮ್ಮ ಅತ್ಯಾನ ಹೆಪ್ಪು" ಅಂದರು. ಹಿಂದಿನಿಂದ ಯಾರೋ, "ಅಯ್ಯ, ಹುಳ ಬಿದ್ದಾವು" ಅಂದರು. ಕೋಣೆಯಲ್ಲಿ ನಗೆ ಎದ್ದಿತು. ಹುಳವಲ್ಲ ಎಂದು ತಿದ್ದಬೇಕಾದವರು ತಾವೂ ನಕ್ಕರು. ಜನ ನಗುತ್ತಿದ್ದಾರೆಂದರೆ ಪಾಠ ಹತ್ತಿದೆ ಎಂದು ಮಾಸ್ತರರ ಎಣಿಕೆ.

ನಾನು ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೆಂಗಸರ ನಡುವೆ ಕೂತಿದ್ದೆ. ಎಲ್ಲರ ಕಣ್ಣು ನನ್ನ ಕಡೆ ಹೊರಳಿತು. ನೆಲ ಬಾಯಿ ತೆರೆದರೆ ಸಾಕು ಅನಿಸಿತು. ಅತ್ಯಾ ಕೊಳವೆಯಿಂದ ಮುಖ ಎತ್ತಿದಾಗ ಬಣ್ಣವೇ ಇರಲಿಲ್ಲ. ಯಾರ ಕಡೆಯೂ ನೋಡದೆ ಹೊರಗೆ ನಡೆದರು.

ಮನೆಗೆ ಬಂದು ನೋಡುತ್ತೇನೆ, ಅತ್ಯಾ ತಲೆಯ ಮೇಲೆ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಹಿತ್ತಲಲ್ಲಿ ನಿಂತಿದ್ದಾರೆ. ಕಲ್ಲಿನ ಬೋಗುಣಿ ತೊಳೆದು ಬೋರಲು ಹಾಕಿತ್ತು. ಅದರಲ್ಲಿದ್ದದ್ದು ಕರಿಬೇವಿನ ಬುಡಕ್ಕೆ ಹೋಗಿತ್ತು. ಅವತ್ತು ಸಂಜೆ ಯಾರೂ ಬರಲಿಲ್ಲ. ಮರುದಿನ ಸುದ್ದಿ ತಿಳಿಯದ ಒಂದು ಮನೆಯ ಹೊಸ ಸೊಸೆ ವಾಟಿ ಹಿಡಿದು ಬಂದಳು. ಅತ್ಯಾ ಒಳಗಿನಿಂದಲೇ "ಹೆಪ್ಪಿಲ್ಲ, ಹೋಗು" ಅಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಎಲ್ಲರ ಮುಂದೆ ನಗೆಪಾಟಲಾದದ್ದಕ್ಕೆ ಸಿಟ್ಟು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ.

ಇಳಿಯಲಿಲ್ಲ. ಅತ್ಯಾ ಮೊಸರು ಬಿಟ್ಟರು. ಮಜ್ಜಿಗೆ ಬಿಟ್ಟರು, ಬೆಣ್ಣೆ ತುಪ್ಪ ಬಿಟ್ಟರು. ಬರೀ ಅನ್ನಕ್ಕೆ ಸಾರು ಹಾಕಿಕೊಂಡು ನಾಲ್ಕು ತುತ್ತು ತಿಂದು ಏಳುತ್ತಿದ್ದರು. ನಾನು ಕೈಮುಗಿದು ಹೇಳಿದೆ, ಸಿಟ್ಟಿನಿಂದಲೂ ಹೇಳಿದೆ. ನಮ್ಮವರು ಏನು ಮಾಡಿದರು ಗೊತ್ತೇ? ಮೊಸರಿನಲ್ಲಿ ಅಷ್ಟೇ ಅಲ್ಲ, ಕುಡಿಯುವ ನೀರಿನಲ್ಲಿ, ಕೈಬೆರಳಲ್ಲಿ, ಎಲ್ಲರ ಬಾಯಲ್ಲೂ ಅವು ಇವೆ, ಹೆದರಿದರೆ ಬದುಕುವುದು ಹೇಗೆ ಎಂದು ಅಡುಗೆಮನೆಗೆ ಕೇಳುವ ಹಾಗೆ ಹೇಳಿದರು. ಧೈರ್ಯ ತುಂಬುವ ರೀತಿಯಂತೆ! ಅವತ್ತಿನಿಂದ ಅತ್ಯಾ ನನ್ನ ಮಗನನ್ನು ಎತ್ತಿಕೊಳ್ಳುವುದನ್ನೂ ಬಿಟ್ಟರು. ಊಟವಾದ ಮೇಲೆ ದಿನಾ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದವರು, ಅವನು ಅಂಬೆಗಾಲಿಡುತ್ತ ಹತ್ತಿರ ಬಂದರೆ ಎದ್ದು ಆಚೆ ಹೋಗತೊಡಗಿದರು. ಕೂಸಿನ ಮೇಲೂ ಹಟವೇ ಎಂದು ನನಗೆ ಕರುಳಿಗೆ ಹತ್ತಿತು. ಒಂದು ದಿನ ಕೇಳಿಯೂ ಬಿಟ್ಟೆ. ಅವರು ಎದ್ದು ಅಡುಗೆಮನೆಯೊಳಗೆ ಹೋದರು.

ಹೊರಗಿನ ಮಾತು ಬೇರೆ. ಒಂದು ಮನೆಯ ಅರಿಷಿಣ ಕುಂಕುಮಕ್ಕೆ ಹೋದರೆ, ಎದುರು ಮನೆಯವಳು ಸಕ್ಕರೆಯಂಥ ದನಿಯಲ್ಲಿ, ವೈನಿ, ನಿಮ್ಮ ಮನೆಯಲ್ಲಿ ಈಗ ಮಜ್ಜಿಗೆ ಸೋಸಿ ಕುಡಿಯುತ್ತೀರೋ ಹೇಗೆ ಎಂದು ಕೇಳಿದಳು. ಅವಳ ಮನೆಯ ಹೆಪ್ಪು ಎಲ್ಲಿಂದ ಹೋದದ್ದು ಎಂದು ಬಾಯಿತುದಿಗೆ ಬಂತು, ನುಂಗಿದೆ. ಸಾಲೆಯ ಹೆಡ್ ಮಾಸ್ತರರು ಊಟಕ್ಕೆ ಬಂದ ದಿನ ಅವರಿಗೆಂದೇ ನಾನು ದೂರದ ಓಣಿಯ ಪರಿಚಯದವರಿಂದ ಮಜ್ಜಿಗೆ ತರಿಸಿದ್ದೆ. ಅವರು ತಂಬಿಗೆಯ ಕಡೆ ನೋಡಿದರು, ನಕ್ಕರು, ಮುಟ್ಟಲಿಲ್ಲ. ಅವರು ಹೋದ ಮೇಲೆ ಆ ತಂಬಿಗೆ ಎತ್ತಿ ಕರಿಬೇವಿನ ಬುಡಕ್ಕೆ ಸುರಿದೆ. ಎಲ್ಲಕ್ಕಿಂತ ಕೆಟ್ಟದ್ದು ಬಾವಿಯ ಹತ್ತಿರ ಕಿವಿಗೆ ಬಿದ್ದದ್ದು: ಮುದುಕಿ ಸೊರಗಿ ಕಡ್ಡಿಯಾಗಿದ್ದಾಳೆ, ಸೊಸೆ ಹೊಟ್ಟೆಗೆ ಹಾಕುವುದಿಲ್ಲವಂತೆ. ಕೊಡ ಅರ್ಧ ತುಂಬಿದ್ದಂತೆಯೇ ಎತ್ತಿಕೊಂಡು ಮನೆಗೆ ಬಂದೆ.

ಸೊರಗಿದ್ದು ಮಾತ್ರ ಖರೆ. ತೋಳಿನ ಚರ್ಮ ಜೋತುಬಿದ್ದಿತ್ತು, ಗೋಡೆ ಹಿಡಿದು ನಡೆಯುತ್ತಿದ್ದರು. ಹೀಗೇ ನಡೆದರೆ ಅತ್ಯಾ ನಮ್ಮ ಕೈಗೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಆದರೂ, ಈಗ ಹೇಳಲು ನಾಚಿಕೆಯಾಗುತ್ತದೆ, ನನ್ನ ಎದೆಯಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ ಓಣಿ ಏನಂದೀತು ಎನ್ನುವುದೇ.

ಒಂದು ದಿನ ಸಾಲೆ ಬಿಟ್ಟ ಮೇಲೆ ನಮ್ಮವರು ಆ ಎರಡು ಮರಗಳ ಬಟ್ಟೆಯನ್ನು ಮನೆಗೆ ತಂದು ಗೋಡೆಗೆ ತೂಗುಹಾಕಿ ಯಾವುದೋ ಕೊಂಬೆ ತಿದ್ದುತ್ತಿದ್ದರು. ಮಗನಿಗೆ ಉಣ್ಣಿಸುತ್ತ ನಾನು ಸುಮ್ಮನೆ ಓದುತ್ತಿದ್ದೆ. ಪ್ರಾಣಿಗಳ ಮರದಲ್ಲಿ ಹುಳು, ಮೀನು, ಹಕ್ಕಿ, ಮನುಷ್ಯ. ಸಸ್ಯಗಳ ಮರದ ಬುಡದಲ್ಲಿ ಪಾಚಿ, ಅಣಬೆ, ಬೂಜು, ಅವುಗಳಿಗೂ ಕೆಳಗೆ ಬ್ಯಾಕ್ಟೀರಿಯಾ. ತುತ್ತು ಕೈಯಲ್ಲೇ ನಿಂತಿತು. ಇದೇನು, ಬ್ಯಾಕ್ಟೀರಿಯಾ ಗಿಡದ ಕಡೆ ಇದೆಯಲ್ಲ ಎಂದು ಕೇಳಿದೆ. ಹೌದು, ಪುಸ್ತಕದಲ್ಲಿ ಅದನ್ನು ಸಸ್ಯದಲ್ಲೇ ಸೇರಿಸಿದ್ದಾರೆ, ಅದರ ಮೈಗೆ ಗಿಡದ ಹಾಗೆ ಗೋಡೆ ಇರುತ್ತದೆ ಎಂದು ಅವರು ಕುಂಚ ತೊಳೆಯುತ್ತ ಹೇಳಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿಮ್ಮ ಕೈಯಾರೆ ಬರದೀರಿ. ಮಕ್ಕಳಿಗೆ ವರ್ಷಾ ಹೇಳ್ತೀರಿ. ಆ ಮುದುಕಿ ಹುಳ ಅಂತ ತಿಳದು ಉಪವಾಸ ಸಾಯಲಿಕ್ಕೆ ಹತ್ಯಾಳ, ಆಕಿಗೆ ಇದೊಂದು ಮಾತು ಹೇಳ್ಲಿಕ್ಕೆ ನಿಮಗ ಬಾಯಿ ಇರಲಿಲ್ಲೇನು?"

ಅವರು ಕುಂಚ ಕೆಳಗಿಟ್ಟರು. ವಾದ ಮಾಡಲಿಲ್ಲ. ವಾದ ಮಾಡದ ನನ್ನ ಗಂಡನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಿವಿಯವರೆಗೂ ಕೆಂಪಾಗಿ ಬಟ್ಟೆಯನ್ನು ಗೋಡೆಯಿಂದ ಬಿಚ್ಚಿಕೊಂಡು ಅಡುಗೆಮನೆಯ ಕಡೆ ನಡೆದರು. ಮಡಿಯೊಳಗೆ ಹೋಗುವ ಹಾಗಿಲ್ಲ, ಹೊಸ್ತಿಲಿನ ಹೊರಗೆ ನೆಲದ ಮೇಲೆ ಕೂತರು. ನಾನೂ ಮಗನನ್ನು ಎತ್ತಿಕೊಂಡು ಹಿಂದೆ ನಿಂತೆ.

ಅತ್ಯಾ ಒಳಗೆ ಗೋಡೆಗೆ ಒರಗಿ ಕೂತಿದ್ದರು. ನಮ್ಮವರು ಬಟ್ಟೆ ಹರಡಿ, ಒಂದೊಂದೇ ಕೊಂಬೆ ತೋರಿಸುತ್ತ, ಹೆಪ್ಪಿನಲ್ಲಿರುವುದು ಹುಳವಲ್ಲ, ಕಾಳು ಮೊಳಕೆಯೊಡೆದ ಹಾಗೆ, ಅಣಬೆ ಎದ್ದ ಹಾಗೆ ಅದೂ ಗಿಡದ ಪಂಗಡದ್ದೇ, ಅದನ್ನು ಉಂಡರೆ ಯಾವ ಪಾಪವೂ ಇಲ್ಲ ಎಂದು ನಿಧಾನವಾಗಿ ಹೇಳಿದರು. ಅತ್ಯಾ ಪೂರ್ತಿ ಕೇಳಿಸಿಕೊಂಡರು.

"ಹೆಪ್ಪಿಗೆ ಜೀವ ಅದ ಅಂತ ನನಗ ಗೊತ್ತಿಲ್ಲೇನು?" ಅಂದರು. "ಸತ್ತ ಹೆಪ್ಪು ಹಾಕಿದ್ರ ಹಾಲು ಮೊಸರಾಗ್ತದೇನು? ಅದಕ್ಕ ಬಿಟ್ಟೀನಿ ಅಂತ ತಿಳದಿಯಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ಯಾ ಮುಂದೆ ಬಾಗಿ ಬಟ್ಟೆಯ ಮೇಲೆ ಕಣ್ಣಾಡಿಸಿದರು.

"ಮೈಲಿ ಎಲ್ಲಿ ಬರದೀ ಇದರಾಗ?"

"ಅದು ಇದರಾಗ ಇಲ್ಲ ಅತ್ಯಾ" ಅಂದರು ನಮ್ಮವರು. ಅದಕ್ಕೆ ವೈರಸ್ ಎನ್ನುತ್ತಾರೆ. ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಸಣ್ಣದು, ನಮ್ಮ ದುರ್ಬೀನಿಗೆ ಅದು ಕಾಣುವುದೇ ಇಲ್ಲ. ಬೇರೆ ಜೀವದ ಮೈಯೊಳಗೆ ಹೊಕ್ಕಾಗ ಬೆಳೆಯುತ್ತದೆ, ಹೊರಗೆ ಅಲುಗಾಡದೆ ಬಿದ್ದಿರುತ್ತದೆ. ಅದಕ್ಕೆ ಜೀವ ಇದೆ ಅನ್ನಬೇಕೋ ಇಲ್ಲ ಅನ್ನಬೇಕೋ ಎಂದು ದೊಡ್ಡ ದೊಡ್ಡ ಪಂಡಿತರಿಗೇ ಬಗೆಹರಿದಿಲ್ಲ, ಹಾಗಾಗಿ ಯಾವ ಮರದಲ್ಲೂ ಬರೆದಿಲ್ಲ ಎಂದು ವಿವರಿಸಿದರು.

"ಕಾಣಸೂದಿಲ್ಲ?"

"ಇಲ್ಲ."

"ಮತ್ತ ಎಲ್ಲಾ ಕಾಣಸ್ತದ ಅಂತ ನೀ ಅಂದಿದ್ದೆಲ್ಲ? ನಾ ಅದನ್ನ ನೋಡಲಿಕ್ಕಂತನ ಬಂದೆ. ಬಗ್ಗಿ ನೋಡಿದೆ, ಕಂಡ್ವು."

ನಮ್ಮವರಿಗೆ ತಾವು ಹಾಗೆ ಅಂದದ್ದೇ ನೆನಪಿರಲಿಲ್ಲ. ನನಗೆ ನೆನಪಿತ್ತು, ಹಿತ್ತಾಳೆ ಉಜ್ಜುತ್ತಿದ್ದ ಆ ಕೈ ಸಹಿತ.

ಆಮೇಲೆ ಅತ್ಯಾ, ಯಾವತ್ತೂ ಯಾರಿಗೂ ಹೇಳದಿದ್ದುದನ್ನು ನೆಲ ನೋಡುತ್ತ ಹೇಳಿದರು. ಹುನಗುಂದದಲ್ಲಿ ಅವರಿನ್ನೂ ಎಳೆಯ ಸೊಸೆ. ಮರುದಿನ ಮನೆಯಲ್ಲಿ ದೊಡ್ಡ ಊಟ, ಬೆಕ್ಕು ಹೆಪ್ಪಿನ ಪಾತ್ರೆ ಉರುಳಿಸಿತ್ತು. ಅತ್ತೆಗೆ ಗೊತ್ತಾದರೆ ಚರ್ಮ ಸುಲಿಯುವಂಥ ಅತ್ತೆ. ಹೊತ್ತು ಮುಳುಗುತ್ತ ಬಂದಿತ್ತು. ಪಕ್ಕದ ಮನೆಯ ಮುಂಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು, ಅಂದರೆ ಒಳಗೆ ಮೈಲಿ ಎದ್ದಿದೆ, ಆ ಮನೆಯಿಂದ ಏನೂ ತರಬಾರದು, ಆ ಮನೆಗೆ ಏನೂ ಕೊಡಬಾರದು. ಅತ್ಯಾ ಹಿತ್ತಲ ಬಾಗಿಲಿಗೆ ಹೋದರು. ಅಲ್ಲಿ ಬೇವು ಕಟ್ಟಿರಲಿಲ್ಲ. ಆ ಮನೆಯಲ್ಲಿದ್ದ ಗೆಳತಿ ಬೇಡ ಬೇಡ ಅಂದಳು, ಇವರು ಬೇಡಿಕೊಂಡರು, ಅವಳು ಹೆಪ್ಪು ಕೊಟ್ಟಳು. ಮೊಸರು ಚಲೋ ಆಯಿತು, ಎಲ್ಲರೂ ಹೊಗಳಿದರು. ಕೆಲವೇ ದಿನಕ್ಕೆ ಕೂಸಿಗೆ ಮೈಲಿ ಎದ್ದವು.

ಅದಾದ ಮೇಲೆ ಅವರು ಹೆಪ್ಪು ತೀರಲು ಯಾವತ್ತೂ ಬಿಡಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರು, ಯಾವ ಹೆಂಗಸೂ ಹೆಪ್ಪಿಗಾಗಿ ಹೋಗಬಾರದ ಬಾಗಿಲಿಗೆ ಹೋಗದಿರಲಿ ಎಂದು. ದುರ್ಬೀನಿನ ಕೆಳಗೆ ಅವು ಕುಣಿಯುವುದನ್ನು ಕಂಡಾಗ, ಇವೇ ಅವು, ಕೂಸನ್ನು ತಿಂದದ್ದು ಇವೇ, ಇಷ್ಟು ವರ್ಷ ಓಣಿಯ ಮನೆಮನೆಯ ವಾಟಿಗೆ ತಾನು ಚಮಚೆಯಿಂದ ಹಾಕಿಕೊಟ್ಟದ್ದೂ ಇವೇ ಎಂದುಕೊಂಡಿದ್ದರು. ಕೈಯಲ್ಲಿ, ಬಾಯಲ್ಲಿ ಎಲ್ಲ ಕಡೆ ಇವೆ ಎಂದು ನಮ್ಮವರು ಅಂದ ಮೇಲೆ ನನ್ನ ಮಗನನ್ನು ಮುಟ್ಟುವುದಕ್ಕೂ ಅಂಜಿದ್ದರು. ಅದನ್ನೇ ನಾನು ಹಟ ಎಂದಿದ್ದೆ. ಹೊಸ್ತಿಲಿನ ಹೊರಗೆ ನಿಂತ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಓಣಿಯ ಮುಂದೆ ಪಟ್ಟ ನಾಚಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ.

"ಅವು ಅಲ್ಲ ಅತ್ಯಾ" ಅಂದರು ನಮ್ಮವರು. "ನೀ ನೋಡಿದ್ದು ಬರೇ ಹೆಪ್ಪು. ಮೈಲಿ ಹೆಪ್ಪಿನಾಗ ಬೆಳಿಯೂದಿಲ್ಲ. ಹೆಪ್ಪಿನಿಂದ ಬಂದದ್ದಲ್ಲ ಅದು."

ಅತ್ಯಾ ತಲೆ ಎತ್ತಿದರು. "ಖರೇನ?"

"ಖರೆ."

"ಮತ್ತ, ನಾ ಅವರ ಬಾಗಲದಾಗ ನಿಂತಿದ್ನೆಲ್ಲ. ಕೂಸು ಟೊಂಕದ ಮ್ಯಾಲಿತ್ತು. ಗೆಳತಿ ಅದರ ಗಲ್ಲಾ ಮುಟ್ಟಿ ಮಾತಾಡಿಸಿದ್ಲು. ಅದರಿಂದ ಬಂತೇನು?"

ಸಿಡುಬು ಉಸಿರಿನಿಂದ, ಮುಟ್ಟಿದ್ದರಿಂದ, ಬಟ್ಟೆಬರೆಯಿಂದ ಹರಡುತ್ತದೆ ಎಂದು ನಾನು ಮ್ಯಾಟ್ರಿಕ್ಕಿಗೆ ಓದಿದ ಆರೋಗ್ಯಶಾಸ್ತ್ರದ ಪುಸ್ತಕದಲ್ಲೇ ಇತ್ತು. ನಮ್ಮವರು ಅದನ್ನು ಮಕ್ಕಳಿಗೆ ಕಲಿಸುತ್ತಿದ್ದರು. ಸಾರಿನ ಉಪ್ಪಿನ ವಿಷಯದಲ್ಲೂ ಸುಳ್ಳು ಹೇಳದ ಮನುಷ್ಯ. ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ನಾನು, ದೇವರೇ, ಇದೊಂದು ಸಲ ಇವರಿಗೆ ಜಾಣತನ ಬೇಡ ಎಂದು ಬೇಡಿಕೊಂಡೆ.

"ಇಲ್ಲ ಅತ್ಯಾ" ಅಂದರು. "ಬಾಗಲದಾಗ ನಿಂತ್ರ ಬರೂದಿಲ್ಲ. ಅದು ಎಲ್ಲಿಂದ ಬಂತೋ, ಯಾರಿಗೂ ಗೊತ್ತಾಗೂ ಹಂಗಿಲ್ಲ."

ಅತ್ಯಾ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಮಗನ ತಲೆ ನೇವರಿಸುವ ನೆವ ಮಾಡಿ ಕಣ್ಣು ತಪ್ಪಿಸಿದೆ.

"ಹಂಗಾದ್ರ ಛಲೋ ಆತು" ಅಂದರು ಅತ್ಯಾ. ಗೋಡೆ ಹಿಡಿದು ಎದ್ದು ಬೋರಲು ಬಿದ್ದಿದ್ದ ಬೋಗುಣಿ ಎತ್ತಿ ನೆಟ್ಟಗಿಟ್ಟರು. "ಹೊತ್ತು ಮುಳಗತದ. ದೀಪ ಹಚ್ಚೂದ್ರಾಗ ಎಲ್ಲಿಂದರೆ ಒಂದಿಷ್ಟು ಹೆಪ್ಪು ತಗೊಂಡು ಬಾ."

ಇಡೀ ಓಣಿಗೆ ಹೆಪ್ಪು ಕೊಟ್ಟ ಮನೆಯ ಸೊಸೆ ನಾನು ವಾಟಿ ಹಿಡಿದು ಹೊರಗೆ ಬಂದೆ. ಕಟ್ಟೆಯ ಮೇಲೆ ಕೂತ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ನೇರ ಎದುರು ಮನೆಗೇ ಹೋದೆ, ಮಜ್ಜಿಗೆ ಸೋಸುತ್ತೀರಾ ಎಂದು ಕೇಳಿದ್ದ ಅವಳ ಮನೆಗೆ. ಯಾರಿಗೆ ಎಂದು ಕೇಳಿದಳು. ನಮ್ಮ ಅತ್ಯಾಗೆ ಅಂದೆ. ಅವಳ ಬಾಯಲ್ಲಿ ಏನೋ ಕೊಂಕು ಸಿದ್ಧವಾಗಿದ್ದಿರಬೇಕು. ನನ್ನ ಮುಖ ನೋಡಿ ಅದನ್ನು ಬಿಟ್ಟು ಒಳಗೆ ಹೋಗಿ, ಕೇಳಿದ್ದಕ್ಕಿಂತ ಎರಡು ಚಮಚೆ ಹೆಚ್ಚು ಹಾಕಿಕೊಟ್ಟಳು. ಆ ಹೆಪ್ಪಿನ ಮೂಲ ನಮ್ಮ ಬೋಗುಣಿಯೇ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ.

ಮರುದಿನ ಮಧ್ಯಾಹ್ನ ಅತ್ಯಾ ಮೊಸರನ್ನ ಉಂಡರು. ಊಟ ಮುಗಿಸಿ ಕೈತೊಳೆದು ನನ್ನ ಮಗನನ್ನು ತೊಡೆಯ ಮೇಲೆ ಹಾಕಿಕೊಂಡರು. ನಮ್ಮವರು ಸಾಲೆಗೆ ಹೋಗುವಾಗ ಶೀಟಿ ಹಾಕುತ್ತ ಹೋದರು. ನನಗೂ ಬಂಡೆ ಇಳಿಸಿದಷ್ಟು ಹಗುರ. ಒಂದು ಸುಳ್ಳಿನಿಂದ ಒಂದು ಜೀವ ಉಳಿಯಿತು ಎಂದು ಇಬ್ಬರೂ ಬೀಗುತ್ತಿದ್ದೆವು, ಬಾಯಿ ಬಿಟ್ಟು ಹೇಳಿಕೊಳ್ಳದಿದ್ದರೂ.

ಮುದುಕಿ ಮತ್ತೆ ಮೊಸರು ಉಣ್ಣುತ್ತಿದ್ದಾಳೆ ಎನ್ನುವ ಸುದ್ದಿ ಓಣಿಯಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಚಳಿ ಬಿದ್ದು ಅವರವರ ಹಾಲು ಹಾಲಾಗಿಯೇ ಉಳಿಯತೊಡಗಿದ ಮೇಲೆ ಹುಳದ ಮಾತು ತಾನೇ ಹಿಂದೆ ಬಿತ್ತು. ಒಂದು ಸಂಜೆ ಮೊದಲು ಬಂದವಳು ಅದೇ ಹೊಸ ಸೊಸೆ, ಅವತ್ತು ಬರಿಗೈಯಲ್ಲಿ ಹೋಗಿದ್ದವಳು. ಓರಗಿತ್ತಿಯ ಕೂಸನ್ನು ಟೊಂಕದ ಮೇಲೆ ಕೂಡಿಸಿಕೊಂಡು ವಾಟಿ ಚಾಚಿದಳು. ಅತ್ಯಾ ಬೋಗುಣಿಯ ಮೇಲಿನ ಮುಚ್ಚಳ ತೆಗೆದಿದ್ದರು. ಕೂಸನ್ನು ನೋಡಿ ಮುಚ್ಚಳ ಮತ್ತೆ ಹಾಕಿದರು.

"ಕೂಸಿನ್ನ ಮನ್ಯಾಗ ಬಿಟ್ಟು ಬಾರವಾ. ಹೆಪ್ಪು ಎಲ್ಲೂ ಹೋಗೂದಿಲ್ಲ, ಇಟ್ಟಿರ್ತೀನಿ."

ಅವಳು ಪಿಳಿಪಿಳಿ ನೋಡಿ ಹೋದಳು. ಮುಂದೆ ಅದೇ ಅವರ ನಿಯಮವಾಯಿತು. ಯಾರೇ ಬರಲಿ, ಟೊಂಕದ ಮೇಲೆ ಕೂಸಿದ್ದರೆ ಹೆಪ್ಪಿಲ್ಲ. ಮನೆಗೆ ಹೋಗಿ ಬಿಟ್ಟು ಬರಬೇಕು. ಮಡಿಗಾಗಿ ಇರಬೇಕು ಎಂದು ಓಣಿಯವರು ತಿಳಿದರು. ಅವತ್ತು ಆ ಮೊದಲ ಮಾತು ಕೇಳಿದಾಗ ನಮ್ಮವರು ಒಳಗೆ ಮಕ್ಕಳ ಪಾಠ ಬರೆಯುತ್ತಿದ್ದರು. ಎದ್ದು ಬಂದು ನಡುಮನೆಯ ಬಾಗಿಲಲ್ಲಿ ನಿಂತರು. ಹಿತ್ತಲಲ್ಲಿ ಅತ್ಯಾ ಚಮಚೆ ಹಿಡಿದು, ಅವಳು ವಾಪಸು ಬರುವ ದಾರಿ ನೋಡುತ್ತ ಕೂತಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.